ನಿವೃತ್ತಿಯ ಅನಂತರ ಕಥಾವೃತ್ತಿ

'ವೃತ್ತಿ' ಎಂಬ ಶಬ್ದಕ್ಕೆ ಇಂದು ಉದ್ಯೋಗವೆಂಬ ಅರ್ಥವೊಂದೇ ಬಳಕೆಯಲ್ಲಿ ಉಳಿದಿದೆ. ಕನ್ನಡ ಶಾಸನಗಳಲ್ಲಿ ಅದಕ್ಕೆ ಇನ್ನೂ ಖಚಿತವಾದ ಅರ್ಥವಿತ್ತು. ಅಗ್ರಹಾರವೊಂದನ್ನು ದಾನವಾಗಿ ಬಿಟ್ಟಾಗ ಅದರ ಭೂಮಿಯನ್ನು ಇಂತಿಷ್ಟು ಪಾಲುಗಳೆಂದು ವಿಂಗಡಿಸಿ ವಿದ್ವಾಂಸರಿಗೆ ಹಂಚುತ್ತಿದ್ದರು; ಆ ಒಂದೊಂದು ಪಾಲಿಗೆ ವೃತ್ತಿಯೆಂದು ಹೆಸರು. ವೇದವನ್ನು ಹೇಳಿಕೊಡುವವನಿಗೆ, ಶಾಸ್ತ್ರವನ್ನು ಓದಿಸುವವನಿಗೆ, ಮಕ್ಕಳಿಗೆ ಅಕ್ಷರ ತಿದ್ದಿಸುವವನಿಗೆ ಇದ್ದಂತೆಯೇ ದೇವಾಲಯದಲ್ಲಿ ಪುರಾಣ ಹೇಳುವವನಿಗೂ ಭೂಮಿಯನ್ನು ಬಿಟ್ಟುದುಂಟು. ಎಂದರೆ ಕಥೆ ಹೇಳುವವನ ಹೊಟ್ಟೆಯ ಚಿಂತೆಯನ್ನು ಸಮಾಜವು ಮೊದಲು ಪರಿಹರಿಸಿ, ಬಳಿಕ ಅವನಿಂದ ಕಥೆಯನ್ನು ನಿರೀಕ್ಷಿಸುತ್ತಿತ್ತು. ಪುರಾಣಿಕ, ಭಾಗವತ, ಹರಿದಾಸ ಎಂಬ ಮನೆತನದ ಹೆಸರುಗಳು ಕನ್ನಡಿಗರಲ್ಲಿಯೂ ಮರಾಠಿಗರಲ್ಲಿಯೂ ಇಂದಿಗೂ ಕಾಣಸಿಗುವುದು ಈ ವ್ಯವಸ್ಥೆಯ ಅವಶೇಷವೆನ್ನಬೇಕು. ಆ ಮನೆತನಗಳವರಲ್ಲಿ ಹೆಚ್ಚಿನವರು ಈಗ ಕಥೆ ಹೇಳುವುದಿಲ್ಲ. ಬ್ಯಾಂಕು, ರೈಲ್ವೆ, ಅಂಚೆ ಕಚೇರಿ, ಶಾಲೆಗಳಲ್ಲಿ ದುಡಿದು, ಅರುವತ್ತಕ್ಕೆ ನಿವೃತ್ತರಾಗಿ, ಮಗನ ಅಥವಾ ಮಗಳ ಮನೆಯಲ್ಲಿರುತ್ತಾರೆ.

ಇಂಥವರಲ್ಲಿ ಕೆಲವರಿಗೆ ಕಥನವನ್ನು ಎರಡನೆಯ ಉದ್ಯೋಗವಾಗಿ ಕೈಗೊಳ್ಳಬೇಕೆಂಬ ಆಸೆ ಹುಟ್ಟುವುದು ಸಹಜ. ಮೊಮ್ಮಕ್ಕಳಿಗೆ ಹೇಳಿದ ಕಥೆ ಅವರ ಗೆಳೆಯರನ್ನೂ ಕೂಡಿಸುತ್ತದೆ. ಗಣೇಶೋತ್ಸವದಲ್ಲಿ ಯಾರೋ ವೇದಿಕೆ ಒದಗಿಸುತ್ತಾರೆ. ಮೂರು ಜನ ಮೆಚ್ಚುತ್ತಾರೆ. ಅಲ್ಲಿಂದ ಮುಂದಿನದೇ ಕಠಿಣವಾದ ಹಾದಿ. ಕಥೆ ಬಲ್ಲವನಿಗೂ ಕಥೆಯನ್ನು ವೃತ್ತಿಯಾಗಿ ನಡೆಸುವವನಿಗೂ ಇರುವ ಅಂತರವೇನು, ಅದನ್ನು ಅರುವತ್ತರ ಅನಂತರ ದಾಟಬಹುದೆ, ದಾಟುವವನು ಯಾರಿಗೆ ಋಣಿಯಾಗುತ್ತಾನೆ ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಈ ವಿಚಾರಕ್ಕೆ ಪುಣೆಯ ಮಗರಪಟ್ಟಾ ತಕ್ಕ ನೆಲೆ. ಪುಣೆಯ ಪೂರ್ವದಲ್ಲಿ, ಸೊಲ್ಲಾಪುರದ ಹೆದ್ದಾರಿ ಹಾಯ್ದುಹೋಗುವ ಹಡಪಸರದಲ್ಲಿ ಈ ವಸಾಹತು ಇದೆ. ಮಗರ ಮನೆತನದವರೇ ಮುಖ್ಯರಾಗಿದ್ದ ರೈತ ಕುಟುಂಬಗಳು ಸುಮಾರು 400 ಎಕರೆ ಹೊಲವನ್ನು ಬಿಡಿಬಿಡಿಯಾಗಿ ಮಾರದೆ ಒಟ್ಟುಗೂಡಿಸಿ, ತಮ್ಮದೇ ಕಂಪನಿಯೊಂದನ್ನು ಕಟ್ಟಿ, ಕೊಟ್ಟ ನೆಲದ ಪ್ರಮಾಣಕ್ಕೆ ತಕ್ಕಂತೆ ಅದರಲ್ಲಿ ಪಾಲುದಾರರಾದರು. 2000ದ ಸುಮಾರಿಗೆ ನಗರದ ನಿರ್ಮಾಣ ಮೊದಲಾಯಿತು. ನೇಗಿಲು ಹಿಡಿದವರೇ ನಡುವಯಸ್ಸಿನಲ್ಲಿ ಕಟ್ಟಡದ ಗುತ್ತಿಗೆಗೂ ವ್ಯಾಪಾರಕ್ಕೂ ತಿರುಗಿದ ಸ್ಥಳವಿದು. ಉದ್ಯೋಗವನ್ನು ಬದಲಿಸುವುದು ಅಲ್ಲಿನ ಮಣ್ಣಿಗೆ ಹೊಸದಲ್ಲ. ಗಣಕಯಂತ್ರದ ಉದ್ಯೋಗಗಳನ್ನು ಅರಸಿ ಬಂದ ಕನ್ನಡ ತರುಣರೂ ಈ ಭಾಗದಲ್ಲಿ ನೆಲಸಿದ್ದಾರೆ. ಅವರ ಹಿಂದೆ ಅವರ ತಂದೆತಾಯಿಗಳು ಬಂದಿದ್ದಾರೆ. ಮನೆಯಲ್ಲಿ ಹಿರಿಯರದು ಕನ್ನಡ, ಶಾಲೆಯಲ್ಲಿ ಕಿರಿಯರದು ಇಂಗ್ಲಿಷು, ಅಂಗಳದಲ್ಲಿ ಹಿಂದಿ, ಪೇಟೆಯಲ್ಲಿ ಮರಾಠಿ.

ಮೇಲ್ನೋಟಕ್ಕೆ ಕಥೆಗೆ ಎಡೆಯೇ ಇಲ್ಲದಂತೆ ತೋರುವ ಈ ಪ್ರದೇಶವು ವಾಸ್ತವದಲ್ಲಿ ಕಥನದ ಹೆದ್ದಾರಿಯ ಮೇಲೆಯೇ ಇದೆ. ಪ್ರತಿವರ್ಷ ಆಷಾಢದ ಏಕಾದಶಿಗೆ ಮುನ್ನ ಜ್ಞಾನೇಶ್ವರರ ಪಾಲಖಿಯೂ ತುಕಾರಾಮರ ಪಾಲಖಿಯೂ ಪುಣೆಯಲ್ಲಿ ತಂಗಿ ಹಡಪಸರದವರೆಗೆ ಬಂದು ಅಲ್ಲಿ ಅಗಲುತ್ತವೆ. ಒಂದು ದಿವೆ ಘಟ್ಟವನ್ನು ಏರಿ ಸಾಸವಡದ ಕಡೆಗೆ, ಇನ್ನೊಂದು ಲೋಣಿಯ ಕಡೆಗೆ. ಎರಡರ ಗುರಿಯೂ ಪಂಢರಪುರ. ಅಲ್ಲಿನ ವಿಠ್ಠಲನನ್ನು ಕನ್ನಡದವನೆಂದು ಜ್ಞಾನೇಶ್ವರರೇ ಹಾಡಿರುವುದು ವಾಚಕರಿಗೆ ತಿಳಿದ ವಿಷಯ. ದಾರಿಯುದ್ದಕ್ಕೂ ಪ್ರತಿ ತಂಗುದಾಣದಲ್ಲಿ ರಾತ್ರಿ ಕೀರ್ತನ ನಡೆಯುತ್ತದೆ. ಸಾಸವಡದಿಂದ ಮುಂದೆ ಜೇಜುರಿ. ಅಲ್ಲಿಯ ಖಂಡೋಬಾ ಕನ್ನಡಿಗರ ಮೈಲಾರಲಿಂಗ. ಅವನ ಜಾಗರಣದಲ್ಲಿ ರಾತ್ರಿಯೆಲ್ಲ ಕಥೆ ಹಾಡುವ ವಾಘ್ಯಾಗಳೂ ಮೈಲಾರನ ಕಥೆಯನ್ನು ಹಾಡುವ ಕರ್ನಾಟಕದ ಗೊರವರೂ ಒಂದೇ ದೇವರ ಇಬ್ಬರು ಕಥಕರು. ಭಾಷೆ ಮಾತ್ರ ಬೇರೆ.

ಜೇಜುರಿಯಿಂದ ಮತ್ತೂ ಮುಂದೆ ಅಷ್ಟವಿನಾಯಕರಲ್ಲಿ ಮೊದಲನೆಯವನ ಮೋರಗಾಂವ. ಕನ್ನಡ ಹರಿಕಥೆಯ ಚರಿತ್ರೆಯನ್ನು ಹುಡುಕುವವನು ಈ ಹೆಸರಿನೆದುರು ಒಂದು ಗಳಿಗೆ ನಿಲ್ಲಬೇಕಾಗುತ್ತದೆ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಬೆಂಗಳೂರಿನ ಜಹಗೀರಿಯಿಂದ ಹೊರಟ ಏಕೋಜಿ ತಂಜಾವೂರಿನಲ್ಲಿ ಮರಾಠ ಅರಸುಮನೆತನವನ್ನು ನೆಲೆಗೊಳಿಸಿದ. ಮರಾಠಿ ಕೀರ್ತನವು ಆ ಆಸ್ಥಾನದ ಆಶ್ರಯದಲ್ಲಿ ದಕ್ಷಿಣಕ್ಕೆ ಪರಿಚಿತವಾಯಿತು. 1860ರ ದಶಕದಲ್ಲಿ ರಾಮಚಂದ್ರ ಬಾವಾ ಮೋರಗಾಂವಕರ ಎಂಬ ಕೀರ್ತನಕಾರರು ತಂಜಾವೂರಿಗೆ ಹೋಗಿ ಮಾಡಿದ ಕೀರ್ತನಗಳು ಅಲ್ಲಿಯ ವಿದ್ವಾಂಸರಿಗೆ ಹೊಸ ಮಾದರಿಯನ್ನು ತೋರಿಸಿದುವೆಂದು ಸಂಗೀತದ ಚರಿತ್ರಕಾರರು ಹೇಳುತ್ತಾರೆ. ತಂಜಾವೂರು ಕೃಷ್ಣ ಭಾಗವತರು ಆ ಮಾದರಿಯನ್ನು ಕರ್ನಾಟಕ ಸಂಗೀತಕ್ಕೆ ಹೊಂದಿಸಿ ದಕ್ಷಿಣದ ಹರಿಕಥೆಗೆ ರೂಪ ಕೊಟ್ಟರು. ಹರಿಕಥೆಯಲ್ಲಿ ಕೇಳಿಬರುವ ಸಾಕಿ, ದಿಂಡಿ, ಓವಿಗಳೆಂಬ ಮಟ್ಟುಗಳ ಹೆಸರುಗಳೇ ಅವು ಬಂದ ದಾರಿಯನ್ನು ಹೇಳುತ್ತವೆ. ಉತ್ತರ ಕರ್ನಾಟಕಕ್ಕಂತೂ ಕೀರ್ತನ ಬರಲು ತಂಜಾವೂರಿನ ಸುತ್ತುದಾರಿಯ ಅಗತ್ಯವಿರಲಿಲ್ಲ. ಹೀಗಿರಲು, ಮಗರಪಟ್ಟಾದಲ್ಲಿ ಕಥೆ ಹೇಳಲು ಎದ್ದು ನಿಲ್ಲುವ ಕನ್ನಡಿಗನು ಪರರ ನೆಲದಲ್ಲಿ ಪರರ ಕಲೆಯನ್ನು ಎರವಲು ಪಡೆದವನೆಂದು ಸಂಕೋಚಪಡಬೇಕಾದುದಿಲ್ಲ.

ಇದೇ ಸೀಮೆಯಲ್ಲಿ ಪುರಂದರಗಡವೂ ಇದೆ. ಪುರಂದರದಾಸರ ಜನ್ಮಸ್ಥಳ ಇದೆಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. ತೀರ್ಥಹಳ್ಳಿಯ ಬಳಿಯ ಆರಗವೇ ಅದೆಂದು ವಾದಿಸುವವರೂ ಇದ್ದರು. ಕರ್ನಾಟಕದಲ್ಲಿ ನೇಮಕವಾದ ತಜ್ಞರ ಸಮಿತಿಯೊಂದು 2018ರಲ್ಲಿ ಮಲೆನಾಡಿನ ಪಕ್ಷವನ್ನೇ ಎತ್ತಿಹಿಡಿಯಿತು. ಆ ವಿವಾದ ಇಲ್ಲಿ ಪ್ರಸ್ತುತವಲ್ಲ. ಪ್ರಸ್ತುತವಾದುದು ಬೇರೆ: ಒತ್ತೆ ಹಿಡಿದು ಹಣ ಕೊಡುವ ಚಿನಿವಾರನೊಬ್ಬನು ಹೆಂಡತಿಯ ಮೂಗುತಿಯ ಪ್ರಸಂಗದಿಂದ ಅಂಗಡಿಯ ಬಾಗಿಲನ್ನು ಮುಚ್ಚಿ, ತಂಬೂರಿ ಹಿಡಿದು ಹೊರಟನೆಂಬ ಐತಿಹ್ಯ. ಲೇವಾದೇವಿಯನ್ನು ಬಿಟ್ಟು ಹಾಡು-ಕಥೆಗಳನ್ನು ಹಿಡಿದವರ ಪರಂಪರೆಗೆ ಇದಕ್ಕಿಂತ ದೊಡ್ಡ ಹೆಸರು ಕನ್ನಡದಲ್ಲಿ ಇಲ್ಲ. ಆದರೆ ಆ ಐತಿಹ್ಯವನ್ನು ನಿವೃತ್ತರು ತಮ್ಮ ಸಮರ್ಥನೆಗೆ ಬಳಸುವ ಮುನ್ನ ಒಂದು ವ್ಯತ್ಯಾಸವನ್ನು ಗಮನಿಸುವುದು ಲೇಸು. ದಾಸರು ಇದ್ದುದೆಲ್ಲವನ್ನೂ ಬಿಟ್ಟು ಮಧುಕರವೃತ್ತಿಯನ್ನು ಹಿಡಿದರು. ಅಂದಂದಿನ ಅನ್ನ ಅಂದಂದಿನ ಹಾಡಿನಿಂದ ಬರಬೇಕಿತ್ತು. ತಿಂಗಳ ಮೊದಲ ವಾರದಲ್ಲಿ ಖಾತೆಗೆ ಜಮೆಯಾಗುವ ನಿವೃತ್ತಿವೇತನವು ಅವರಿಗಿರಲಿಲ್ಲ.

ಹಾಗೆ ನೋಡಿದರೆ ಕಥೆಯಿಂದಲೇ ಬದುಕಿದವರಿಗೆ ನಿವೃತ್ತಿಯೆಂಬುದೇ ಇಲ್ಲ. ಎತ್ತಿನ ಮೇಲೆ ಕುಳಿತು ಊರೂರಿಗೆ ಹೋಗಿ ಮನೆತನಗಳ ವಂಶಾವಳಿಯನ್ನು ಒಪ್ಪಿಸಿ ಕಾಳುಕಡಿ ಪಡೆಯುವ ಹೆಳವರು, ಅಂಬಾಭವಾನಿಯ ಗೊಂದಲ ಹಾಕುವ ಗೋಂಧಳಿಗರು, ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು, ಮಾದಪ್ಪನ ಕಥೆ ಹಾಡುವ ಕಂಸಾಳೆಯವರು - ಇವರಾರೂ ಅರುವತ್ತಕ್ಕೆ ಬಿಟ್ಟವರಲ್ಲ, ಅರುವತ್ತಕ್ಕೆ ಹಿಡಿದವರೂ ಅಲ್ಲ. ಬಳ್ಳಾರಿ ಸೀಮೆಯ ಬುರ್ರಕಥೆಯ ದರೋಜಿ ಈರಮ್ಮನವರು 2014ರಲ್ಲಿ ತೀರಿಕೊಂಡರು. ಓದುಬರೆಹ ಬಾರದ ಆಕೆ ಹಲವು ದೀರ್ಘಕಾವ್ಯಗಳನ್ನು ನೆನಪಿನಲ್ಲಿರಿಸಿಕೊಂಡಿದ್ದರು. ಅಂಥ ನೆನಪು ತೊಟ್ಟಿಲ ವಯಸ್ಸಿನಿಂದ ಕಿವಿಗೆ ಬಿದ್ದುದರ ಫಲ. ನಿವೃತ್ತನು ಈ ಸಾಲಿನಲ್ಲಿ ನಿಲ್ಲಲಾರ. ಅವನು ಹುಡುಕಬೇಕಾದುದು ತನ್ನಂಥವರಿಗೆ ತೆರೆದಿರುವ ಬಾಗಿಲುಗಳನ್ನು.

ಮೊದಲಿಗೆ, ಉದ್ಯೋಗದಲ್ಲಿದ್ದುಕೊಂಡೇ ಕಥಕರಾದವರ ನಿದರ್ಶನಗಳು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1914ರಲ್ಲಿ ಮೈಸೂರಿನ ಸಿವಿಲ್ ಸೇವೆಗೆ ಸೇರಿ 1943ರಲ್ಲಿ ಅದರಿಂದ ಹೊರಬಂದರು. 'ಜೀವನ' ಪತ್ರಿಕೆಯ ಸಂಪಾದಕತ್ವ 1944ರಿಂದ; 'ಚಿಕವೀರ ರಾಜೇಂದ್ರ' 1956ರದು; ಅದಕ್ಕೆ ಜ್ಞಾನಪೀಠ ಬಂದುದು 1983ರಲ್ಲಿ. ಈ ವರ್ಷಗಳನ್ನಷ್ಟೇ ನೋಡಿದವರು ನಿವೃತ್ತಿಯೇ ಮಾಸ್ತಿಯವರನ್ನು ದೊಡ್ಡ ಕಥೆಗಾರರನ್ನಾಗಿ ಮಾಡಿತೆಂದು ಭಾವಿಸಬಹುದು. ಅವರ ಮೊದಲ ಕಥಾಸಂಗ್ರಹ ಹೊರಬಂದುದು 1920ರಲ್ಲಿ ಎಂಬುದನ್ನು ಮರೆಯಬಾರದು. ಅವರದು ಬರೆದ ಕಥೆ, ವೇದಿಕೆಯದಲ್ಲ, ನಿಜ. ಆದರೂ ನಿವೃತ್ತಿಯು ಅವರಿಗೆ ಕೊಟ್ಟುದು ಬಿಡುವು ಮಾತ್ರ, ಬೀಜವನ್ನು ಕೊಡಲಿಲ್ಲವೆಂಬುದು ವೇದಿಕೆಯವರಿಗೂ ಅನ್ವಯಿಸುತ್ತದೆ.

ವೇದಿಕೆಯ ನಿದರ್ಶನಗಳನ್ನು ಮರಾಠಿಯಿಂದ ತೆಗೆದುಕೊಳ್ಳಬಹುದು. ಅದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. 1875ರಲ್ಲಿ ನ್ಯಾಯಮೂರ್ತಿ ರಾನಡೆಯವರು ತೊಡಗಿಸಿದ ವಸಂತ ವ್ಯಾಖ್ಯಾನಮಾಲೆಯಂಥ ಸಂಪ್ರದಾಯದಿಂದ ಪಳಗಿದ ಶ್ರೋತೃಗಳು ಪುಣೆಗೆ ಇದ್ದಾರೆ. ದ. ಮಾ. ಮಿರಾಸದಾರ, ಶಂಕರ ಪಾಟೀಲ, ವ್ಯಂಕಟೇಶ ಮಾಡಗೂಳಕರ ಈ ಮೂವರು ಒಂದೇ ವೇದಿಕೆಯಲ್ಲಿ ತಮ್ಮ ತಮ್ಮ ಕಥೆಗಳನ್ನು ಹೇಳುವ 'ಕಥಾಕಥನ'ವೆಂಬ ಪ್ರಕಾರವನ್ನು ಮಹಾರಾಷ್ಟ್ರದಲ್ಲೆಲ್ಲ ಜನಪ್ರಿಯಗೊಳಿಸಿದರು. ಮಿರಾಸದಾರರು ಅಧ್ಯಾಪಕರು, ಮಾಡಗೂಳಕರರು ಪುಣೆಯ ಆಕಾಶವಾಣಿಯವರು. ವ. ಪು. ಕಾಳೆಯವರು ಮುಂಬಯಿಯ ಮಹಾನಗರಪಾಲಿಕೆಯಲ್ಲಿ ವಾಸ್ತುಶಿಲ್ಪಿಯಾಗಿದ್ದುಕೊಂಡು ಸಾವಿರಕ್ಕೂ ಮಿಕ್ಕ ಕಥಾಕಥನಗಳನ್ನು ನಡೆಸಿದರು. ಕೈಯಲ್ಲಿ ಪುಸ್ತಕವಿಲ್ಲ, ಪಕ್ಕದಲ್ಲಿ ವಾದ್ಯವಿಲ್ಲ, ವೇಷವಿಲ್ಲ. ಒಬ್ಬ ಮನುಷ್ಯ ಮತ್ತು ಅವನ ಧ್ವನಿ. ಇವರೆಲ್ಲ ಸಂಬಳದ ಕೆಲಸದೊಡನೆಯೇ ಕಥನವನ್ನು ಸಾಗಿಸಿದವರು. ಸಂಜೆಯ ಎರಡು ಗಂಟೆಗಳನ್ನು ಇಪ್ಪತ್ತು ವರ್ಷ ಅದಕ್ಕೆ ಕೊಟ್ಟವನಿಗೆ ಅರುವತ್ತನೆಯ ವರ್ಷವು ಆರಂಭವಾಗಿರುವುದಿಲ್ಲ, ಬಡ್ತಿಯಾಗಿರುತ್ತದೆ.

ಆದರೆ ಅರುವತ್ತಕ್ಕೇ ಮೊದಲ ಅಕ್ಷರ ತಿದ್ದುವವರ ಗತಿಯೇನು? ಇಲ್ಲಿ ಪ್ರಕಾರಗಳ ಭೇದವನ್ನು ತಿಳಿಯುವುದು ಅವಶ್ಯಕ. ಎಲ್ಲ ಬಾಗಿಲುಗಳೂ ಸಮಾನ ಎತ್ತರದವಲ್ಲ.

ಎಲ್ಲಕ್ಕಿಂತ ಎತ್ತರವಾದುದು ಕೀರ್ತನದ ಬಾಗಿಲು. ನಾರದೀಯ ಕೀರ್ತನಕ್ಕೆ ಪೂರ್ವರಂಗ, ಉತ್ತರರಂಗವೆಂದು ಎರಡು ಭಾಗ. ನಮನವಾದ ಬಳಿಕ ಸಂತರದೊಂದು ಪದವನ್ನು ಎತ್ತಿಕೊಂಡು ಅದರ ತತ್ತ್ವವನ್ನು ನಿರೂಪಿಸುವುದು ಪೂರ್ವರಂಗ. ನಡುವೆ ನಾಮಘೋಷ, ಆಗ ಕೀರ್ತನಕಾರನಿಗೆ ಹಾರ ಹಾಕಿ ಬುಕ್ಕಾ ಹಚ್ಚುತ್ತಾರೆ. ಅನಂತರ ಉತ್ತರರಂಗದಲ್ಲಿ ಮೊದಲು ಹೇಳಿದ ತತ್ತ್ವಕ್ಕೆ ದೃಷ್ಟಾಂತವಾಗುವ ಆಖ್ಯಾನ. ಕೊನೆಗೆ ಎತ್ತಿಕೊಂಡ ಪದಕ್ಕೇ ಹಿಂದಿರುಗಿ ಆರತಿ. ಅವನು ನಿಂತ ಸ್ಥಳ ನಾರದನ ಗಾದಿ. ಅಲ್ಲಿ ಅವನು ಕುಳಿತುಕೊಳ್ಳುವುದಿಲ್ಲ. ಹಾಡು, ತಾಳ, ಶಾಸ್ತ್ರ, ಅಭಿನಯ, ಹಾಸ್ಯ, ಎರಡು ಗಂಟೆ ನಿಲ್ಲುವ ಕಾಲು ಇಷ್ಟೂ ಒಬ್ಬನಲ್ಲಿರಬೇಕು. ಭದ್ರಗಿರಿ ಅಚ್ಯುತದಾಸರಂಥವರು (1931-2013) ಇದನ್ನೆಲ್ಲ ಒಂದೇ ಧ್ವನಿಯಲ್ಲಿ ಬೆರೆಸಿದುದನ್ನು ಕೇಳಿದವರಿಗೆ ಆ ಎತ್ತರದ ಕಲ್ಪನೆ ಇದೆ.

ನಿವೃತ್ತರು ಇಲ್ಲಿ ಸಾಮಾನ್ಯವಾಗಿ ಎಡವುವ ಸ್ಥಳವೊಂದುಂಟು. ಕಚೇರಿಯಲ್ಲಿ ಮೂವತ್ತು ವರ್ಷ ಟಿಪ್ಪಣಿ ಬರೆದವನಿಗೆ ಪೂರ್ವರಂಗ ಬೇಗ ಒಲಿಯುತ್ತದೆ, ಆಖ್ಯಾನ ಒಲಿಯುವುದಿಲ್ಲ. ತತ್ತ್ವಕ್ಕೆ ಆಧಾರಗಳನ್ನು ಪೋಣಿಸುತ್ತ ಹೋಗಿ, ಕಥೆಯ ಹೊತ್ತಿಗೆ ಸಮಯವೂ ಉಸಿರೂ ಮುಗಿದಿರುತ್ತವೆ. ಶ್ರೋತೃಗಳು ಬಂದಿರುವುದು ಧ್ರುವನನ್ನು ಮಲತಾಯಿ ತೊಡೆಯಿಂದ ಇಳಿಸಿದುದನ್ನು ಕಾಣಲಿಕ್ಕೆ; ಇಳಿಸಿದುದು ಏಕೆ ಅಧರ್ಮವೆಂಬ ವರದಿಗಾಗಿ ಅಲ್ಲ. ಆದುದರಿಂದ ಬಲ್ಲ ಗುರುಗಳು ಮೊದಲು ಆಖ್ಯಾನವನ್ನು ಕಲಿಸಿ ಪೂರ್ವರಂಗವನ್ನು ಹಿಂದಿನಿಂದ ಕಟ್ಟಿಸುವುದು ಯುಕ್ತ.

ನೆನಪಿನ ಭಯವನ್ನು ಮಾತ್ರ ಅತಿಯಾಗಿ ಬೆಳೆಸಿಕೊಳ್ಳಬೇಕಾದುದಿಲ್ಲ. ಕೀರ್ತನದಲ್ಲಿ ಅಕ್ಷರಶಃ ಕಂಠಸ್ಥವಾಗಬೇಕಾದುವು ಪದ್ಯಗಳು. ನಡುವಣ ಗದ್ಯವು ಕಥಕನ ಸ್ವಂತದ್ದು, ದಿನಕ್ಕೊಂದು ಬಗೆಯಾಗಿ ಹರಿಯಬಹುದು. ಪದ್ಯಗಳೇ ಕಥೆಯ ಗೂಟಗಳು. ಒಂದರಿಂದ ಇನ್ನೊಂದಕ್ಕೆ ಹಗ್ಗ ಕಟ್ಟುತ್ತ ಹೋದರೆ ದಾರಿ ತಪ್ಪುವುದಿಲ್ಲ. ಸಪ್ತಾಹವೊಂದಕ್ಕೆ ಏಳು ಆಖ್ಯಾನಗಳು ಬೇಕು. ಎರಡು ಮೂರು ವರ್ಷಗಳಲ್ಲಿ ಏಳನ್ನು ಸಿದ್ಧಮಾಡಿಕೊಂಡವನು ಒಂದು ಊರಿನ ಕರೆಯನ್ನು ಧೈರ್ಯವಾಗಿ ಒಪ್ಪಿಕೊಳ್ಳಬಹುದು; ಎಪ್ಪತ್ತನ್ನು ಮುಟ್ಟಿ ಬಿಟ್ಟವನು ಒಪ್ಪಿಕೊಳ್ಳಲಾರ. ಧ್ವನಿಯ ವಿಷಯ ಹಾಗಲ್ಲ. ವಯಸ್ಸಾದಂತೆ ಧ್ವನಿತಂತುಗಳ ಸ್ಥಿತಿಸ್ಥಾಪಕತೆ ಕುಗ್ಗುತ್ತದೆ, ಉಸಿರಿನ ಒತ್ತಡ ಕಡಿಮೆಯಾಗುತ್ತದೆ, ತಾರಸ್ಥಾಯಿ ನಡುಗುತ್ತದೆ. ಶ್ರುತಿಯನ್ನು ತಗ್ಗಿಸಿಕೊಳ್ಳುವುದು, ಮುಂಜಾನೆ ಮಂದ್ರದಲ್ಲಿ ಸಾಧನೆ ಮಾಡುವುದು, ಧ್ವನಿವರ್ಧಕದ ಮುಂದೆ ಕೂಗದಿರುವುದು ಇವೇ ಉಪಾಯಗಳು. ಮೂವತ್ತರ ಕಂಠವನ್ನು ಅನುಕರಿಸಲು ಹೋದ ಅರುವತ್ತರವರು ಒಂದೇ ಚಾತುರ್ಮಾಸದಲ್ಲಿ ಗಂಟಲನ್ನು ಕೆಡಿಸಿಕೊಳ್ಳುವ ಸಂಭವವಿದೆ. ಶಿಕ್ಷಣಕ್ಕೆ ಪುಣೆಯ ಸದಾಶಿವಪೇಠೆಯಲ್ಲಿ ಕೀರ್ತನಕ್ಕೆಂದೇ ಇರುವ ನಾರದ ಮಂದಿರ, ಮುಂಬಯಿಯ ದಾದರಿನಲ್ಲಿ ಅಖಿಲ ಭಾರತೀಯ ಕೀರ್ತನ ಸಂಸ್ಥೆ ಇವೆ. ಮಾಧ್ಯಮ ಮರಾಠಿಯೆಂದು ಕನ್ನಡಿಗನು ಹಿಂಜರಿಯಬೇಕಿಲ್ಲ. ರಚನೆಯನ್ನು ಅಲ್ಲಿ ಕಲಿತು ದಾಸರ ಪದಗಳನ್ನು ಅದರಲ್ಲಿ ಕೂರಿಸುವುದು ಅಸಾಧ್ಯವಲ್ಲ.

ಗಮಕದ ಬಾಗಿಲು ಇಷ್ಟು ಎತ್ತರವಿಲ್ಲ, ಏಕೆಂದರೆ ಅದು ಇಬ್ಬರ ಕಲೆ. ಒಬ್ಬನು ಕಾವ್ಯವನ್ನು ರಾಗವಾಗಿ ವಾಚಿಸಿದರೆ ಇನ್ನೊಬ್ಬನು ಅದನ್ನು ವ್ಯಾಖ್ಯಾನಿಸುತ್ತಾನೆ. ಕುಮಾರವ್ಯಾಸನ ಭಾರತದ ಹತ್ತು ಪರ್ವಗಳಲ್ಲಿ ಎಂಟು ಸಾವಿರಕ್ಕೂ ಮಿಕ್ಕ ಭಾಮಿನಿ ಷಟ್ಪದಿಗಳಿವೆ. ಅವನ್ನು ತಪ್ಪಿಲ್ಲದೆ ವಾಚಿಸುವ ಕಂಠ ಬಾಲ್ಯದಿಂದ ಸಿದ್ಧವಾಗಬೇಕು. ಶಿವಮೊಗ್ಗೆಯ ಬಳಿಯ ಹೊಸಹಳ್ಳಿಯು ಅಂಥ ಕಂಠಗಳ ಊರು. ಅಲ್ಲಿಯ ಎಚ್. ಆರ್. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷ ಅವರು ನಿಧನರಾದರು. ಆದರೆ ವ್ಯಾಖ್ಯಾನಕಾರನಿಗೆ ಬೇಕಾದುದು ಕಂಠಕ್ಕಿಂತ ಹೆಚ್ಚಾಗಿ ಓದು, ಲೋಕಾನುಭವ, ಸಮಯಸ್ಫೂರ್ತಿ. ದ್ಯೂತಪ್ರಸಂಗದಲ್ಲಿ ಸಭೆಯ ಹಿರಿಯರು ಬಾಯಿ ಮುಚ್ಚಿ ಕುಳಿತುದನ್ನು, ಮೇಲಧಿಕಾರಿಗಳ ಸಭೆಗಳಲ್ಲಿ ತಾನೂ ಹಾಗೆ ಕುಳಿತವನಿಗಿಂತ ಚೆನ್ನಾಗಿ ಯಾರು ವಿವರಿಸಬಲ್ಲರು? ನಿವೃತ್ತ ಕನ್ನಡಿಗನಿಗೆ ಎಲ್ಲಕ್ಕಿಂತ ತಕ್ಕ ಆಸನ ಇದು. ಮಗರಪಟ್ಟಾದಂಥಲ್ಲಿ ಸಂಗೀತ ಬಲ್ಲ ತರುಣಿಯೊಬ್ಬಳು ವಾಚನಕ್ಕೆ ದೊರೆತರೆ ಜೋಡಿ ಪೂರ್ಣವಾಗುತ್ತದೆ. ಕನ್ನಡ ಲಿಪಿ ಬಾರದ ಹುಡುಗಿಗೂ ಷಟ್ಪದಿಯ ಗತಿ ಕಿವಿಯಿಂದ ಬರುತ್ತದೆ. ಅರ್ಥದ ಹೊಣೆ ಹಿರಿಯನದು.

ತಾಳಮದ್ದಳೆಯ ಅರ್ಥಗಾರಿಕೆಯೂ ಮಾತಿನ ಕಲೆಯೇ. ಕರಾವಳಿಯಲ್ಲಿ, ಕಾಸರಗೋಡಿನಲ್ಲಿ ಅಧ್ಯಾಪಕರೂ ವಕೀಲರೂ ಅದರಲ್ಲಿ ಹೆಸರು ಪಡೆದಿದ್ದಾರೆ. ಎದುರಾಳಿಯ ವಾದಕ್ಕೆ ಆ ಕ್ಷಣವೇ ಉತ್ತರ ಹುಟ್ಟಬೇಕಾದುದರಿಂದ ಪ್ರಸಂಗಜ್ಞಾನವಿಲ್ಲದ ಹೊಸಬನಿಗೆ ಅದು ಕಷ್ಟ. ಇನ್ನು ಶಾಲೆ, ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಕಥೆ ಹೇಳುವ ಆಧುನಿಕ ಪದ್ಧತಿ. ಅಮೆರಿಕದ ಟೆನೆಸಿ ಪ್ರಾಂತದ ಜೋನ್ಸ್‌ಬರೋ ಎಂಬ ಸಣ್ಣ ಊರಿನಲ್ಲಿ 1973ರಲ್ಲಿ ಆರಂಭವಾದ ಕಥನೋತ್ಸವವು ಆ ದೇಶದಲ್ಲಿ ಕಥಕರ ಹೊಸ ವರ್ಗವನ್ನೇ ನಿರ್ಮಿಸಿತು. ಬೆಂಗಳೂರಿನಲ್ಲಿ ಗೀತಾ ರಾಮಾನುಜಂ ಅವರು 1998ರಲ್ಲಿ ಸ್ಥಾಪಿಸಿದ 'ಕಥಾಲಯ'ವು ದೊಡ್ಡವರಿಗೂ ಕಥನದಲ್ಲಿ ತರಬೇತಿ ಕೊಡುತ್ತ ಬಂದಿದೆ. ಈ ಪದ್ಧತಿಗೆ ರಾಗತಾಳಗಳ ಬಂಧನವಿಲ್ಲವಾದುದರಿಂದ ಸುಲಭವೆಂದು ತೋರುತ್ತದೆ. ಆರು ವರ್ಷದ ನಲವತ್ತು ಮಕ್ಕಳೆದುರು ಹತ್ತು ನಿಮಿಷ ನಿಂತವರು ಹಾಗೆ ಹೇಳಲಾರರು.

ಇಷ್ಟು ಕಲಿತವನು ವೃತ್ತಿಯವನಾದನೆ? ಇನ್ನೂ ಇಲ್ಲ. ಹಣದ ಮಾತು ಉಳಿದಿದೆ. ನಿವೃತ್ತರು ಸಾಮಾನ್ಯವಾಗಿ ಜಾರಿಕೊಳ್ಳುವ ಮಾತೂ ಅದೇ.

ಕೀರ್ತನದ ಕೊನೆಯಲ್ಲಿ ಆರತಿಯ ತಟ್ಟೆ ಸಭೆಯಲ್ಲಿ ಸುತ್ತುತ್ತದೆ. ಅದರಲ್ಲಿ ಬಿದ್ದ ಹಣ ಕೀರ್ತನಕಾರನದು. ಕರೆಸಿದವರು ಕೊಡುವುದಕ್ಕೆ ಮರಾಠಿಯಲ್ಲಿ ಬಿದಾಗಿ ಎನ್ನುತ್ತಾರೆ, ಕನ್ನಡದಲ್ಲಿ ಸಂಭಾವನೆ. ನಿವೃತ್ತನಿಗೆ ಇದನ್ನು ಕೈಚಾಚಿ ತೆಗೆದುಕೊಳ್ಳುವುದೆಂದರೆ ಸಂಕೋಚ. 'ದೇವರು ಕೊಟ್ಟಿದ್ದಾನೆ, ಪೆನ್ಶನ್ ಬರುತ್ತದೆ, ನನಗೇನೂ ಬೇಡ' ಎನ್ನುತ್ತಾನೆ. ಸಭೆ ಚಪ್ಪಾಳೆ ತಟ್ಟುತ್ತದೆ. ಆ ಔದಾರ್ಯದ ಲೆಕ್ಕವನ್ನು ಪೂರ್ತಿ ಬರೆದು ನೋಡಬೇಕು. ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದವನಿಗೂ ತಬಲಾದವನಿಗೂ ನಿವೃತ್ತಿವೇತನವಿಲ್ಲ. ಮುಖ್ಯ ಕಥಕನೇ ಬೇಡವೆಂದ ಮೇಲೆ ಅವರು ಕೇಳುವುದು ಹೇಗೆ? ಮುಂದಿನ ವರ್ಷ ಅದೇ ಮಂಡಳಿಯವರು ಕೀರ್ತನದಿಂದಲೇ ಸಂಸಾರ ಸಾಗಿಸುವ ಬುವಾ ಒಬ್ಬರನ್ನು ಕರೆಯಬೇಕೆ, ಪುಕ್ಕಟೆಯಾಗಿ ಬರುವ ನಿವೃತ್ತರನ್ನು ಕರೆಯಬೇಕೆ ಎಂದು ಯೋಚಿಸುತ್ತಾರೆ. ಯೋಚನೆ ಎತ್ತ ಮುಗಿಯುವುದೆಂದು ಹೇಳಬೇಕಾದುದಿಲ್ಲ. ಹೊಟ್ಟೆ ತುಂಬಿದವನ ಔದಾರ್ಯವು ಹೀಗೆ ಇನ್ನೊಬ್ಬನ ತಟ್ಟೆಯಿಂದ ತೆಗೆದು ಬಡಿಸಿದುದಾಗುತ್ತದೆ.

ಪುಕ್ಕಟೆಯ ಕಥೆಗೆ ಮತ್ತೊಂದು ದೋಷವಿದೆ. ಕೊಟ್ಟ ಹಣಕ್ಕೆ ಕೇಳುವವನು ತಕ್ಕ ಫಲವನ್ನು ನಿರೀಕ್ಷಿಸುತ್ತಾನೆ, ಕೊಡದವನು ಸಹಿಸಿಕೊಳ್ಳುತ್ತಾನೆ. ಸಹಿಸಿಕೊಂಡುದನ್ನು ಮೆಚ್ಚುಗೆಯೆಂದು ಭ್ರಮಿಸಿದ ಕಥಕನು ಹತ್ತು ವರ್ಷ ಅದೇ ತಪ್ಪುಗಳನ್ನು ಮಾಡುತ್ತಿರುತ್ತಾನೆ. ಸಂಭಾವನೆ ನಿಗದಿಯಾದರೆ ವೇಳೆ ನಿಗದಿಯಾಗುತ್ತದೆ, ಸಿದ್ಧತೆ ನಿಗದಿಯಾಗುತ್ತದೆ, ಎರಡನೆಯ ಕರೆ ಬಾರದಿದ್ದರೆ ಕಾರಣವೂ ತಿಳಿಯುತ್ತದೆ. ನಿವೃತ್ತಿವೇತನವು ಹಳೆಯ ಕಾಲದ ವೃತ್ತಿಭೂಮಿಗೆ ಸಮಾನವೆಂದು ಒಪ್ಪಬಹುದು. ಆದರೆ ಆ ಭೂಮಿಗೆ ಪ್ರತಿಯಾಗಿ ಪುರಾಣ ಹೇಳಲೇಬೇಕೆಂಬ ಕಟ್ಟಳೆಯಿತ್ತು, ಪೆನ್ಶನ್ನಿಗೆ ಇಲ್ಲ. ಆ ಕಟ್ಟಳೆಯ ಕೆಲಸವನ್ನು ಈಗ ಸಂಭಾವನೆಯೇ ಮಾಡಬೇಕಾಗಿದೆ. ತೆಗೆದುಕೊಂಡ ಹಣವನ್ನು ಅಂದೇ ಪಕ್ಕವಾದ್ಯದವರಿಗೆ ಹೆಚ್ಚಾಗಿ ಹಂಚಬಹುದು, ದತ್ತಿಯಾಗಿ ಕೊಡಬಹುದು. ಅದು ಕಥಕನ ಇಚ್ಛೆ. ತೆಗೆದುಕೊಳ್ಳುವುದು ಮಾತ್ರ ವೃತ್ತಿಯ ಧರ್ಮ.

ತೆಗೆದುಕೊಂಡವನು ಕಾಯಿದೆಯನ್ನೂ ತಿಳಿದಿರಬೇಕು. ಆದಾಯ ತೆರಿಗೆಯ ದೃಷ್ಟಿಯಲ್ಲಿ ನಿವೃತ್ತಿವೇತನವು ಸಂಬಳದ ಬಾಬಿಗೆ ಸೇರುತ್ತದೆ. ನಿಯತವಾಗಿ ಬರುವ ಕಥನದ ಸಂಭಾವನೆ ವೃತ್ತಿಯ ಆದಾಯ. ಪ್ರಯಾಣ, ಪಕ್ಕವಾದ್ಯ, ವಾದ್ಯದ ದುರಸ್ತಿ ಮೊದಲಾದ ಖರ್ಚುಗಳನ್ನು ಎರಡನೆಯದರಲ್ಲಿ ಕಳೆಯಬಹುದು, ಮೊದಲನೆಯದರಲ್ಲಿ ಕಳೆಯಲಾಗದು. ಆದುದರಿಂದ ಎರಡಕ್ಕೂ ಬೇರೆ ಬೇರೆ ಪುಸ್ತಕವಿಡುವುದು ಒಳ್ಳೆಯದು. ಇದನ್ನೆಲ್ಲ ಕಥಕನಿಗೆ ಹೇಳಬೇಕೆ ಎಂದು ಮೂಗು ಮುರಿಯುವವರಿಗೆ, ನವಕೋಟಿ ನಾರಾಯಣನೆನಿಸಿದ್ದ ಪುರಂದರದಾಸರಿಗೆ ಲೆಕ್ಕ ಬರುತ್ತಿತ್ತೆಂದಷ್ಟೇ ಉತ್ತರ.

ಕೊನೆಗೆ ಭಾಷೆಯ ಪ್ರಶ್ನೆ. ಮಗರಪಟ್ಟಾದ ಸಭೆಯೊಂದರಲ್ಲಿ ಶುದ್ಧ ಕನ್ನಡದ ಆಖ್ಯಾನವನ್ನು ಎಷ್ಟು ಮಂದಿ ಅನುಸರಿಸಿಯಾರು? ಹಿರಿಯರೆಲ್ಲರೂ, ನಡುವಯಸ್ಸಿನವರಲ್ಲಿ ಹಲವರು, ಮಕ್ಕಳಲ್ಲಿ ಕೆಲವರು. ಇದಕ್ಕೆ ಹೆದರಿ ಇಡೀ ಕಥೆಯನ್ನು ಇಂಗ್ಲಿಷಿಗೆ ತಿರುಗಿಸುವ ಕಥಕರಿದ್ದಾರೆ. ಆಗ ಆ ಕಥೆಗೆ ಈ ಮನುಷ್ಯನೇ ಬೇಕೆಂಬುದೇನೂ ಉಳಿಯುವುದಿಲ್ಲ. ಗಡಿನಾಡಿನ ಗೋಂಧಳಿಗರು ತೋರಿಸಿರುವ ದಾರಿ ಬೇರೆ. ಕೇಳುವವರನ್ನು ನೋಡಿಕೊಂಡು ಅವರು ಗದ್ಯವನ್ನು ಕನ್ನಡದಿಂದ ಮರಾಠಿಗೆ, ಮರಾಠಿಯಿಂದ ಕನ್ನಡಕ್ಕೆ ಹೊರಳಿಸುತ್ತಾರೆ, ಹಾಡನ್ನು ಹೊರಳಿಸುವುದಿಲ್ಲ. ಗದ್ಯ ಎಷ್ಟೇ ಬೆರಕೆಯಾದರೂ ಪದ ಮಾತ್ರ ಕನ್ನಡದ್ದೇ ಆಗಿರಲಿ ಎಂಬ ನಿಯಮವನ್ನು ಪಾಲಿಸಿದರೆ, ಒಂದು ಸಂಜೆಗೆ ಹತ್ತು ಕನ್ನಡ ಪದಗಳು ಮಗುವಿನ ಕಿವಿಯಲ್ಲಿ ಉಳಿಯುತ್ತವೆ.

ಮೊದಲ ಆಖ್ಯಾನ ಯಾವುದಾಗಬೇಕೆಂದು ಕೇಳುವವರು ಮೂಗುತಿಯ ಪ್ರಸಂಗವನ್ನೇ ಆರಿಸಿಕೊಳ್ಳಬಹುದು. ಪಾತ್ರಗಳು ಮೂರು ನಾಲ್ಕು. ಬಡ ಬ್ರಾಹ್ಮಣನ ಅಲೆದಾಟ, ಸರಸ್ವತೀಬಾಯಿಯ ಇಕ್ಕಟ್ಟು, ಪೆಟ್ಟಿಗೆಯಲ್ಲಿಟ್ಟ ಒಡವೆ ಮಾಯವಾದಾಗ ಶ್ರೀನಿವಾಸನಾಯಕನ ಕೈ ನಡುಗಿದುದು ಎಲ್ಲವೂ ಕಣ್ಣಿಗೆ ಕಟ್ಟುವಂಥವು. ದಾಸರ ಪದಗಳು ಸಿದ್ಧವಾಗಿಯೇ ಇವೆ. ಕಥೆ ಮುಗಿದ ಭಾನುವಾರ ಮಕ್ಕಳನ್ನು ದಿವೆ ಘಟ್ಟದ ಆಚೆಗೆ ಕರೆದೊಯ್ದು ಗಡವನ್ನು ತೋರಿಸಬಹುದು. ಆರಗದ ಪಕ್ಷವನ್ನೂ ಅಲ್ಲಿಯೇ ಹೇಳುವುದು ಒಳ್ಳೆಯದು, ಎರಡು ಊರುಗಳು ಒಬ್ಬನನ್ನು ತಮ್ಮವನೆಂದು ಏಕೆ ಹೇಳಿಕೊಂಡುವೆಂದು ಮಕ್ಕಳೇ ಕೇಳುತ್ತಾರೆ.